ಹೊಸ ಟೀಚರ್‌ಗೆ ವಾಟ್ಸಾಪ್ ಸಾಕಾ, ಲಿಂಕ್ಡ್‌ಇನ್ ಬೇಕಾ? ಮುಂಬೈ ಕನ್ನಡಿಗರಿಗೊಂದು ಹೋಲಿಕೆ

ಮುಂಬೈಯಲ್ಲಿ ಕನ್ನಡ ಮಾಧ್ಯಮದ ಶಾಲೆಗೆ ಹೊಸದಾಗಿ ಸೇರಿದವರಿಗೆ ಕೆಲವೇ ವಾರಗಳಲ್ಲಿ ಒಂದು ಕೊರತೆ ಕಾಡತೊಡಗುತ್ತದೆ. ನಾವು ಕಲಿಸುವ ವಿಷಯವನ್ನೇ ಕನ್ನಡದಲ್ಲಿ ಕಲಿಸುವ ಇನ್ನೊಬ್ಬರು ಅದೇ ಶಾಲೆಯಲ್ಲಿ ಸಿಗುವುದು ಅಪರೂಪ. ಎಂಟನೇ ಕ್ಲಾಸಿನ ವಿಜ್ಞಾನದಲ್ಲಿ ಒಂದು ಸಂಶಯ ಬಂತು ಅಂತಿಟ್ಟುಕೊಳ್ಳಿ. ಕೇಳಬೇಕಾದವರು ಚೆಂಬೂರಿನಲ್ಲೋ ಡೊಂಬಿವಲಿಯಲ್ಲೋ ಇರುತ್ತಾರೆ. ಸಂಜೆ ಶಾಲೆ ಬಿಟ್ಟ ಮೇಲೆ ಲೋಕಲ್ ಹತ್ತಿ, ಗಾಡಿ ಬದಲಿಸಿ, ಅಲ್ಲಿಗೆ ಹೋಗಿ ಕೇಳಿ ಬರುವಷ್ಟು ಪುರುಸೊತ್ತು ಯಾರಿಗಿದೆ? ಹಾಗಾಗಿ ಈ ಊರಿನ ಕನ್ನಡ ಟೀಚರ್‌ಗೆ ಫೋನೇ ಸ್ಟಾಫ್‌ರೂಮು.

ಇಂಗ್ಲಿಷ್ ಮೀಡಿಯಂ ಶಾಲೆ ಸೇರಿದ ನಮ್ಮ ಹುಡುಗ ಹುಡುಗಿಯರ ಕಷ್ಟವೇ ಬೇರೆ. ಪಕ್ಕದ ಕುರ್ಚಿಯಲ್ಲೇ ಸಹೋದ್ಯೋಗಿ ಇರುತ್ತಾರೆ, ಪಾಠದ ಸಂಶಯಕ್ಕೆ ಕೊರತೆ ಇಲ್ಲ. ಆದರೆ ಆ ಶಾಲೆಯ ಗೇಟಿನಾಚೆ ಅವರ ಕೆಲಸ ಯಾರಿಗೂ ಗೊತ್ತಿರುವುದಿಲ್ಲ. ಬೇರೆ ಶಾಲೆಗೆ ಹೋಗಬೇಕು ಅನ್ನಿಸಿದಾಗ ಎಲ್ಲಿಂದ ಶುರು ಮಾಡಬೇಕು ಅನ್ನೋದೇ ತಿಳಿಯುವುದಿಲ್ಲ.

ಇಬ್ಬರಿಗೂ ಜನ ಕೊಡುವ ಸಲಹೆ ಒಂದೇ: ಎಲ್ಲದರಲ್ಲೂ ಒಂದೊಂದು ಅಕೌಂಟ್ ಮಾಡಿಕೊಳ್ಳಿ. ಇದನ್ನು ನಾನು ಒಪ್ಪುವುದಿಲ್ಲ. ಮೊದಲ ವರ್ಷ ಪಾಠದ ತಯಾರಿ, ಪೇಪರ್ ತಿದ್ದುವುದು, ಪ್ರಾಕ್ಸಿ ಪೀರಿಯಡ್, ಚುನಾವಣೆಯ ಬಿಎಲ್‌ಒ (ಬೂತ್ ಮಟ್ಟದ ಅಧಿಕಾರಿ) ಕೆಲಸ, ಇವುಗಳ ಮಧ್ಯೆ ಐದಾರು ಆ್ಯಪ್ ನೋಡಿಕೊಳ್ಳಲು ಯಾರಿಂದಲೂ ಆಗದು. ನನ್ನ ಪ್ರಕಾರ ಎರಡು ಸಾಕು. ಕೇಳೋಕೆ ಒಂದು, ತೋರಿಸೋಕೆ ಒಂದು. ಕೇಳುವ ಜಾಗ ಮುಚ್ಚಿದ್ದಿರಬೇಕು. ನಮಗೆ ಏನು ಬರುವುದಿಲ್ಲ ಅನ್ನೋದನ್ನು ಪಾಲಕರೂ ಮ್ಯಾನೇಜ್‌ಮೆಂಟಿನವರೂ ನೋಡುತ್ತಿರುವಾಗ ಯಾರೂ ಕೇಳುವುದಿಲ್ಲ ಅಲ್ವಾ? ತೋರಿಸುವ ಜಾಗ ತೆರೆದಿರಬೇಕು, ನಮ್ಮ ಕೆಲಸ ಹುಡುಕಿದವರಿಗೆ ಸಿಗಬೇಕು. ಒಂದೊಂದು ಆ್ಯಪನ್ನೂ ಈ ಲೆಕ್ಕದಲ್ಲಿ ನೋಡೋಣ.

ವಾಟ್ಸಾಪ್: ಕೇಳಲು ಮೊದಲ ಜಾಗ

ಮುಂಬೈ ಕನ್ನಡ ಶಾಲೆಗಳ ಸುದ್ದಿಯೆಲ್ಲ ಓಡಾಡುವುದು ಇಲ್ಲೇ. ಶಾಲೆಯ ಗ್ರೂಪ್, ವಿಷಯವಾರು ಗ್ರೂಪ್, ಹಳೆ ವಿದ್ಯಾರ್ಥಿಗಳ ಗ್ರೂಪ್, ಸಂಘದ ಗ್ರೂಪ್. ಮಾಟುಂಗದ ಮೈಸೂರು ಅಸೋಸಿಯೇಷನ್‌ನಲ್ಲೋ ಮಾಹಿಮ್‌ನ ಕರ್ನಾಟಕ ಸಂಘದಲ್ಲೋ ಕಲೀನಾದ ಮುಂಬೈ ವಿಶ್ವವಿದ್ಯಾಲಯದ ಕನ್ನಡ ವಿಭಾಗದಲ್ಲೋ ಕಾರ್ಯಕ್ರಮ ಇದ್ದರೆ ಅದರ ಪೋಸ್ಟರ್ ಹೆಚ್ಚಿನವರ ಕೈಗೆ ತಲುಪುವುದು ಹೀಗೇ. ನಮ್ಮ ಸಂಸ್ಥೆಗಳಲ್ಲಿ ಟೀಚರ್ ಬೇಕಾಗಿದ್ದಾರೆ ಅನ್ನೋ ಮಾತೂ ಎಷ್ಟೋ ಸಲ ಜಾಹೀರಾತಿಗಿಂತ ಮುಂಚೆ ಇಲ್ಲೇ ಕಿವಿಗೆ ಬೀಳುತ್ತದೆ.

ಗ್ರೂಪ್ ಸೇರಿದರೆ ಮಾತ್ರ ಸಾಲದು, ಕೇಳುವ ರೀತಿ ಗೊತ್ತಿರಬೇಕು. "ಎಂಟನೇ ಕ್ಲಾಸ್ ಗಣಿತ ನೋಟ್ಸ್ ಯಾರ ಹತ್ರ ಇದೆ?" ಅಂತ ಹಾಕಿದರೆ ಒಂದು ಹೆಬ್ಬೆರಳು ಬರಬಹುದು, ಉತ್ತರ ಬರುವುದಿಲ್ಲ. ಅದನ್ನೇ ಹೀಗೆ ಕೇಳಿ ನೋಡಿ (ಬಾಲಭಾರತಿ ಅಂದರೆ ಮಹಾರಾಷ್ಟ್ರ ಸರ್ಕಾರದ ಪಠ್ಯಪುಸ್ತಕ):

"ಎಲ್ಲರಿಗೂ ನಮಸ್ಕಾರ. ಬಾಲಭಾರತಿ ಎಂಟನೇ ಕ್ಲಾಸಿನ ಗಣಿತ, ಅಪವರ್ತನದ ಪಾಠ ನಡೀತಾ ಇದೆ. ಮಧ್ಯದ ಪದ ಒಡೆಯುವಾಗ ಋಣ ಚಿಹ್ನೆ ಬಂದರೆ ಮಕ್ಕಳು ತಡವರಿಸ್ತಾರೆ. ನೀವು ಹೇಗೆ ಹೇಳಿಕೊಡ್ತೀರಿ? ನಿಮ್ಮ ಬೋರ್ಡಿನ ಒಂದು ಫೋಟೋ ಇದ್ದರೆ ದಯವಿಟ್ಟು ಹಾಕಿ."

ಇದರಲ್ಲಿ ಕ್ಲಾಸ್ ಇದೆ, ಪಾಠ ಇದೆ, ಎಲ್ಲಿ ತೊಡಕಾಗಿದೆ ಅನ್ನೋದು ಇದೆ. ಓದಿದವರಿಗೆ ಎರಡು ನಿಮಿಷದಲ್ಲಿ ಉತ್ತರಿಸಬಹುದು ಅನ್ನಿಸುತ್ತದೆ. ಹಿರಿಯ ಟೀಚರ್‌ಗಳಿಗೆ ಇಂಥ ಪ್ರಶ್ನೆ ತುಂಬಾ ಇಷ್ಟ. ಉತ್ತರ ಸಿಕ್ಕ ಮೇಲೆ, "ಮೇಡಂ, ನೀವು ಹೇಳಿದ ಹಾಗೆ ಮಾಡಿದೆ, ಹೆಚ್ಚಿನ ಮಕ್ಕಳಿಗೆ ಅರ್ಥವಾಯಿತು" ಅಂತ ಒಂದು ಸಾಲು ಬರೆಯಿರಿ. ಆಮೇಲೆ ಆ ಮೇಡಂ ನಿಮ್ಮನ್ನು ಮರೆಯುವುದಿಲ್ಲ.

ಕುಂದುಗಳೂ ಇವೆ. ಗ್ರೂಪ್‌ನಲ್ಲಿ ನಿಮ್ಮ ನಂಬರ್ ಎಲ್ಲರಿಗೂ ಕಾಣುತ್ತದೆ. ಒಂದು ಗ್ರೂಪ್‌ನಲ್ಲಿ 1024 ಜನರವರೆಗೆ ಇರಬಹುದು, ಅಷ್ಟು ಜನರಲ್ಲಿ ನಿಮಗೆ ಪರಿಚಯ ಇರುವವರು ಎಷ್ಟು? ಹಾಗಾಗಿ ಸೆಟ್ಟಿಂಗ್‌ನ ಪ್ರೈವೆಸಿಯಲ್ಲಿ, ನಿಮ್ಮನ್ನು ಗ್ರೂಪ್‌ಗೆ ಸೇರಿಸುವ ಅವಕಾಶ ಕಾಂಟ್ಯಾಕ್ಟ್‌ನಲ್ಲಿರುವವರಿಗೆ ಮಾತ್ರ ಇರಲಿ. ಸಾಧ್ಯವಿದ್ದರೆ ಕೆಲಸಕ್ಕೆ ಬೇರೆ ನಂಬರ್ ಇಟ್ಟುಕೊಳ್ಳಿ. 2023ರಿಂದ ಆಂಡ್ರಾಯ್ಡ್‌ನಲ್ಲಿ ಒಂದೇ ವಾಟ್ಸಾಪ್ ಆ್ಯಪ್‌ನಲ್ಲಿ ಎರಡು ನಂಬರ್ ನಡೆಸಬಹುದು. ರಾತ್ರಿ ಹತ್ತಕ್ಕೆ ಬರುವ ಪಾಲಕರ ಮೆಸೇಜ್ ಮನೆಯವರ ಮೆಸೇಜಿನ ಜೊತೆ ಬೆರೆಯುವುದು ಇದರಿಂದ ತಪ್ಪುತ್ತದೆ. ಹೊಸಬರಿಗೆ ಈ ನೆಮ್ಮದಿ ಸಣ್ಣದಲ್ಲ.

ಇನ್ನೊಂದು ಕುಂದು ಗಾಳಿಸುದ್ದಿ. 2025ರ ಸೆಪ್ಟೆಂಬರ್ 1ರಂದು ಟಿಇಟಿ, ಅಂದರೆ ಶಿಕ್ಷಕರ ಅರ್ಹತಾ ಪರೀಕ್ಷೆಯ ಬಗ್ಗೆ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ನಿವೃತ್ತಿಗೆ ಐದು ವರ್ಷಕ್ಕಿಂತ ಜಾಸ್ತಿ ಸೇವೆ ಉಳಿದಿರುವ ಶಿಕ್ಷಕರು ಎರಡು ವರ್ಷದೊಳಗೆ ಪಾಸಾಗಬೇಕು ಅಂತ ಹೇಳಿತು. ಅಲ್ಪಸಂಖ್ಯಾತ ಸಂಸ್ಥೆಗಳಿಗೂ ಇದು ಅನ್ವಯವೇ ಅನ್ನೋ ಪ್ರಶ್ನೆಯನ್ನು ದೊಡ್ಡ ಪೀಠಕ್ಕೆ ಕಳಿಸಿತು. ಮುಂಬೈಯ ಎಷ್ಟೋ ಕನ್ನಡ ಸಂಸ್ಥೆಗಳು ಭಾಷಾ ಅಲ್ಪಸಂಖ್ಯಾತ ಸಂಸ್ಥೆಗಳು, ಆದ್ದರಿಂದ ನಮಗೆ ಈ ಎರಡನೇ ಮಾತೇ ಮುಖ್ಯ. ಫಾರ್ವರ್ಡ್ ಆಗುವ ಮೆಸೇಜುಗಳಲ್ಲಿ ಮೊದಲು ಬಿಟ್ಟುಹೋಗುವುದು ಇಂಥ ಭಾಗವೇ. ಮೂಲ ಓದದೆ ಯಾವ ನಿರ್ಧಾರವನ್ನೂ ಮಾಡಬೇಡಿ.

ಗ್ರೂಪ್‌ಗೆ ಬಂದ ಜಿ.ಆರ್. (ಸರ್ಕಾರಿ ಆದೇಶ) ಅಸಲಿಯೋ ಅಲ್ಲವೋ ಅಂತ ನೋಡುವುದು ಸುಲಭ. ಮಹಾರಾಷ್ಟ್ರ ಸರ್ಕಾರದ ಜಿ.ಆರ್.ಗಳ ಕೊನೆಯಲ್ಲಿ ಸಂಕೇತಾಂಕ ಅಂತ ಒಂದು ಉದ್ದನೆಯ ಸಂಖ್ಯೆ ಇರುತ್ತದೆ. ಅದರ ಮೊದಲ ಎಂಟು ಅಂಕಿ ದಿನಾಂಕ: ಮೊದಲು ವರ್ಷ, ಆಮೇಲೆ ತಿಂಗಳು, ಆಮೇಲೆ ದಿನ. 2025ರ ಜುಲೈ 28ರದ್ದಾದರೆ 20250728 ಅಂತ ಶುರುವಾಗುತ್ತದೆ. ಆ ಸಂಖ್ಯೆಯನ್ನು ಸರ್ಕಾರದ ವೆಬ್‌ಸೈಟಿನಲ್ಲಿ ಹಾಕಿ ಹುಡುಕಿ. ಸಿಕ್ಕರೆ ನಂಬಿ. ಸಂಖ್ಯೆಯೇ ಇಲ್ಲದ, ಅರ್ಧ ಕತ್ತರಿಸಿದ ಫೋಟೋ ಆದರೆ ಮುಂದೆ ಕಳಿಸಬೇಡಿ.

ಟೆಲಿಗ್ರಾಂ ಮತ್ತು ಫೇಸ್‌ಬುಕ್

ಟೆಲಿಗ್ರಾಂನ ದೊಡ್ಡ ಅನುಕೂಲ, ನಂಬರ್ ತೋರಿಸದೆ ಗ್ರೂಪ್‌ನಲ್ಲಿ ಇರಬಹುದು. ಎರಡು ಲಕ್ಷ ಜನರ ಗ್ರೂಪ್ ಕೂಡ ನಡೆಯುತ್ತದೆ. ತಡವಾಗಿ ಸೇರಿದವರಿಗೂ ಹಳೆಯ ಫೈಲ್‌ಗಳು ಹುಡುಕಿದರೆ ಸಿಗುತ್ತವೆ. ಟಿಇಟಿ, ಸಿಟಿಇಟಿ (ಕೇಂದ್ರದ ಅರ್ಹತಾ ಪರೀಕ್ಷೆ), ಟೇಟ್ (ರಾಜ್ಯದ ಶಿಕ್ಷಕರ ನೇಮಕಾತಿ ಪರೀಕ್ಷೆ) ಇವುಗಳಿಗೆ ಓದುವವರಿಗೆ ಹಳೆಯ ಪ್ರಶ್ನೆಪತ್ರಿಕೆ ಸಿಗುವ ಜಾಗ ಇದು. ಆದರೆ ಪರಿಚಯ ಬೆಳೆಯುವುದಿಲ್ಲ. ಯಾರು ಯಾರೋ, ಯಾವ ಊರೋ. ಅದಕ್ಕೇ ನಾನು ಇದನ್ನು ಕಪಾಟು ಅಂತಲೇ ನೋಡುತ್ತೇನೆ, ಬೇಕಾದಾಗ ತೆರೆದು ಬೇಕಾದ್ದು ತೆಗೆದುಕೊಂಡರೆ ಆಯಿತು. ಪಠ್ಯಪುಸ್ತಕದ ಪಿಡಿಎಫ್‌ಗೂ ಅಲ್ಲಿ ಅಲೆಯಬೇಕಿಲ್ಲ, ಬಾಲಭಾರತಿಯ ಸ್ವಂತ ವೆಬ್‌ಸೈಟಿನಲ್ಲೇ ಉಚಿತವಾಗಿ ಸಿಗುತ್ತದೆ.

ದುಡ್ಡು ಕೊಟ್ಟರೆ ಪೇಪರ್ ಕೊಡ್ತೇವೆ, ಮಾರ್ಕ್ಸ್ ಜಾಸ್ತಿ ಮಾಡಿಸ್ತೇವೆ ಅನ್ನುವವರು ಸಿಕ್ಕರೆ ಅಲ್ಲಿಂದ ತಕ್ಷಣ ಹೊರಬನ್ನಿ. ಮಹಾರಾಷ್ಟ್ರದ ಟಿಇಟಿಯಲ್ಲಿ ದುಡ್ಡು ಕೊಟ್ಟು ಪಾಸಾದ ಹಗರಣವನ್ನು 2021ರಲ್ಲಿ ಪುಣೆ ಪೊಲೀಸರು ಬಯಲಿಗೆಳೆದರು. ತಪ್ಪು ದಾರಿಯಲ್ಲಿ ಪಾಸಾದವರ ಮೇಲೂ ಕ್ರಮ ಆಯಿತು.

ಫೇಸ್‌ಬುಕ್ ಹಳತಾಯಿತು ಅಂತ ಚಿಕ್ಕ ವಯಸ್ಸಿನವರು ಹೇಳುತ್ತಾರೆ. ಕನ್ನಡ ಶಿಕ್ಷಕರ ಮಟ್ಟಿಗೆ ಅದು ನಿಜವಲ್ಲ. ಕರ್ನಾಟಕದ ಶಿಕ್ಷಕರ ಗ್ರೂಪ್‌ಗಳು ಅಲ್ಲಿ ಜೋರಾಗಿ ನಡೆಯುತ್ತಿವೆ. ಕಲಿಕೆಯ ಸಾಮಗ್ರಿ, ನಲಿ-ಕಲಿ ಚಟುವಟಿಕೆ, ಗಣಿತದ ಆಟ, ಕವಿತೆಗೆ ಹಾಕಿದ ರಾಗ, ಎಲ್ಲ ಕನ್ನಡದಲ್ಲೇ ಸಿಗುತ್ತದೆ. ಒಂದು ಎಚ್ಚರ ಮಾತ್ರ ಬೇಕು. ಅವರ ಪಠ್ಯ ಬೇರೆ, ನಮ್ಮದು ಬಾಲಭಾರತಿ. ಪಾಠಗಳ ಕ್ರಮ ಬೇರೆ, ಪರೀಕ್ಷೆಯ ಸ್ವರೂಪ ಬೇರೆ. ಹೇಗೆ ಕಲಿಸಬೇಕು ಅನ್ನೋದಕ್ಕೆ ಆ ಗ್ರೂಪ್‌ಗಳು ಚೆನ್ನ. ಪಾಠದ ನೋಟ್ಸ್‌ಗೆ ಉಪಯೋಗವಿಲ್ಲ.

ಇಲ್ಲಿ ನಮ್ಮವರು ಹೆಚ್ಚಾಗಿ ಯೋಚಿಸದ ಒಂದು ವಿಷಯ ಹೇಳಬೇಕು. ನಮ್ಮದೇ ಬಾಲಭಾರತಿ ಪುಸ್ತಕವನ್ನು ಕನ್ನಡದಲ್ಲಿ ಕಲಿಸುವವರು ಮುಂಬೈಯಲ್ಲಿ ಮಾತ್ರ ಇಲ್ಲ. ಸಾಂಗ್ಲಿ ಜಿಲ್ಲೆಯ ಜತ್, ಸೊಲ್ಲಾಪುರ ಜಿಲ್ಲೆಯ ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರದ ಕಡೆ ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಗಳು ಬೇಕಾದಷ್ಟಿವೆ. ಅದೇ ಪುಸ್ತಕ, ಅದೇ ಬೋರ್ಡ್, ಅದೇ ಜಿ.ಆರ್. ಅಲ್ಲಿನ ಟೀಚರ್‌ಗಳ ಜೊತೆ ಪರಿಚಯ ಮಾಡಿಕೊಂಡರೆ ನಮ್ಮ ಒಂಟಿತನ ಎಷ್ಟೋ ಕಡಿಮೆಯಾಗುತ್ತದೆ. ಫೇಸ್‌ಬುಕ್‌ನಲ್ಲಿ ಆ ತಾಲ್ಲೂಕಿನ ಹೆಸರಿನ ಜೊತೆ ಕನ್ನಡ ಶಾಲೆ ಅಂತ ಹಾಕಿ ಹುಡುಕಿ, ಒಬ್ಬರಿಗೆ ಮರ್ಯಾದೆಯಿಂದ ಬರೆಯಿರಿ. "ಸರ್, ನಾನು ಮುಂಬೈಯಲ್ಲಿ ಆರನೇ ಕ್ಲಾಸಿಗೆ ಕನ್ನಡ ಮೀಡಿಯಂನಲ್ಲಿ ವಿಜ್ಞಾನ ಕಲಿಸ್ತೇನೆ. ನಿಮ್ಮ ಕಡೆಯ ಟೀಚರ್‌ಗಳ ಗ್ರೂಪ್ ಇದ್ದರೆ ಸೇರಬಹುದಾ?" ಇಷ್ಟು ಸಾಕು. ಈ ಒಂದು ಕೆಲಸಕ್ಕೆ ಫೇಸ್‌ಬುಕ್ ಇಟ್ಟುಕೊಂಡರೂ ಅಡ್ಡಿಯಿಲ್ಲ ಅಂತ ನನ್ನ ಖಚಿತ ಅಭಿಪ್ರಾಯ.

ಸೇರುವ ಮುಂಚೆ ಗ್ರೂಪ್ ಪಬ್ಲಿಕ್ಕೋ ಪ್ರೈವೇಟೋ ನೋಡಿ. ಪಬ್ಲಿಕ್ ಆದರೆ ನೀವು ಬರೆದದ್ದನ್ನು ಯಾರು ಬೇಕಾದರೂ ಓದಬಹುದು.

ಲಿಂಕ್ಡ್‌ಇನ್: ಯಾರಿಗೆ ಬೇಕು, ಯಾರಿಗೆ ಬೇಡ

ಮೊದಲು ಬೇಡದವರ ಮಾತು. ಜಿಲ್ಲಾ ಪರಿಷತ್ತು, ಪಾಲಿಕೆ ಅಥವಾ ಅನುದಾನಿತ ಶಾಲೆಯ ಕೆಲಸ ನಿಮ್ಮ ಗುರಿಯಾಗಿದ್ದರೆ, ಅಲ್ಲಿ ನಡೆಯುವುದು ಟೇಟ್ ಪರೀಕ್ಷೆಯ ಅಂಕ ಮತ್ತು ಪವಿತ್ರ ಪೋರ್ಟಲ್, ಅಂದರೆ ರಾಜ್ಯ ಸರ್ಕಾರದ ಶಿಕ್ಷಕರ ನೇಮಕಾತಿ ವೆಬ್‌ಸೈಟ್. ಲಿಂಕ್ಡ್‌ಇನ್‌ನಲ್ಲಿ ನಿಮ್ಮ ಪ್ರೊಫೈಲ್ ಎಷ್ಟು ಚಂದ ಇದ್ದರೂ ಆ ಪಟ್ಟಿಯಲ್ಲಿ ಒಂದು ಸ್ಥಾನ ಮೇಲೆ ಹೋಗುವುದಿಲ್ಲ. ಆ ಸಮಯ ಓದಿಗೆ ಕೊಡಿ.

ಸಿಬಿಎಸ್‌ಇ, ಐಸಿಎಸ್‌ಇ, ಐಬಿ, ಕೇಂಬ್ರಿಜ್ ಶಾಲೆಗಳ ಕಡೆ ಮನಸ್ಸಿದ್ದರೆ ಲಿಂಕ್ಡ್‌ಇನ್ ಬೇಕೇ ಬೇಕು. ಪೊವಾಯಿ, ಥಾಣೆ, ಅಂಧೇರಿ ಕಡೆಯ ದೊಡ್ಡ ಖಾಸಗಿ ಶಾಲೆಗಳ ಪ್ರಿನ್ಸಿಪಾಲರೂ ನೇಮಕಾತಿ ನೋಡಿಕೊಳ್ಳುವವರೂ ಅಲ್ಲಿರುತ್ತಾರೆ. ಅರ್ಜಿ ಬಂದ ಮೇಲೆ ಹೆಸರು ಹಾಕಿ ಗೂಗಲ್ ಮಾಡಿದರೆ ಮೊದಲು ಕಾಣುವುದೂ ಸಾಮಾನ್ಯವಾಗಿ ಲಿಂಕ್ಡ್‌ಇನ್ ಪುಟವೇ.

ಹೆಸರಿನ ಕೆಳಗಿನ ಸಾಲಿಗೆ 220 ಅಕ್ಷರಗಳ ಜಾಗ ಇದೆ. ಹೊಸಬರಲ್ಲಿ ತುಂಬಾ ಜನ ಅಲ್ಲಿ ಸುಮ್ನೆ "ಟೀಚರ್" ಅಂತ ಹಾಕಿ ಬಿಡುತ್ತಾರೆ, ಇಲ್ಲಾ "ಕಲಿಸುವುದೇ ನನ್ನ ಉಸಿರು" ಅಂತ ಬರೆಯುತ್ತಾರೆ. ಎರಡರಿಂದಲೂ ಹುಡುಕುವವರಿಗೆ ಏನೂ ತಿಳಿಯುವುದಿಲ್ಲ. ವಿಷಯ, ಕ್ಲಾಸ್, ಬೋರ್ಡ್, ಅರ್ಹತೆ, ಭಾಷೆ ಇರಲಿ: "ಗಣಿತ-ವಿಜ್ಞಾನ ಶಿಕ್ಷಕಿ, 6ರಿಂದ 10ನೇ ತರಗತಿ, ಎಸ್‌ಎಸ್‌ಸಿ ಬೋರ್ಡ್, ಬಿ.ಎಡ್., ಸಿಟಿಇಟಿ, ಇಂಗ್ಲಿಷ್-ಮರಾಠಿ-ಹಿಂದಿ-ಕನ್ನಡ." ಇಂಗ್ಲಿಷ್ ಶಾಲೆಗೆ ಅರ್ಜಿ ಹಾಕುವವರು ಇದನ್ನು ಇಂಗ್ಲಿಷ್‌ನಲ್ಲೇ ಬರೆಯಬೇಕು. ಕನ್ನಡ ಬರುತ್ತದೆ ಅನ್ನೋದನ್ನು ಮಾತ್ರ ಬಿಡಬೇಡಿ. ಮನೆಯಲ್ಲಿ ತುಳು ಇದ್ದರೆ ಅದನ್ನೂ ಹಾಕಿ. ನಾಲ್ಕೈದು ಭಾಷೆಯ ಪಾಲಕರ ಜೊತೆ ಮಾತಾಡಬಲ್ಲ ಟೀಚರ್ ಈ ಊರಿನ ಶಾಲೆಗೆ ಎಷ್ಟು ಬೇಕು ಅನ್ನೋದು ಒಂದು ಪಾಲಕರ ಸಭೆ ನೋಡಿದವರಿಗೆ ಗೊತ್ತು.

ವಾರಕ್ಕೋ ಹದಿನೈದು ದಿನಕ್ಕೋ ಒಂದು ಪೋಸ್ಟ್ ಸಾಕು. ಸ್ಫೂರ್ತಿಯ ಮಾತು ಬೇಡ, ಕ್ಲಾಸಿನಲ್ಲಿ ಮಾಡಿದ್ದನ್ನು ಬರೆಯಿರಿ. ಭಿನ್ನರಾಶಿ ಕಲಿಸಲು ಹಳೆಯ ಪೇಪರ್ ಮಡಚಿ ಏನು ಮಾಡಿದಿರಿ, ಎಲ್ಲಿ ಕೆಲಸ ಮಾಡಿತು, ಎಲ್ಲಿ ಮಾಡಲಿಲ್ಲ, ಮುಂದಿನ ಸಲ ಏನು ಬದಲಿಸುತ್ತೀರಿ. ಜೊತೆಗೆ ಕಾಗದದ ಫೋಟೋ, ಮಕ್ಕಳ ಮುಖ ಇಲ್ಲದ್ದು. ಇಂಥ ಮೂರು ಪೋಸ್ಟ್ ಓದಿದ ಪ್ರಿನ್ಸಿಪಾಲರಿಗೆ ನೀವು ಎಂಥ ಟೀಚರ್ ಅಂತ ಗೊತ್ತಾಗುತ್ತದೆ.

ಕೆಲಸ ಹುಡುಕುತ್ತಿದ್ದರೆ "ಓಪನ್ ಟು ವರ್ಕ್" ಹಾಕುವ ಮುಂಚೆ ಯೋಚಿಸಿ. ಫೋಟೋ ಸುತ್ತ ಹಸಿರು ಪಟ್ಟಿ ಬಂದರೆ ಈಗಿನ ಶಾಲೆಯವರಿಗೂ ಕಾಣುತ್ತದೆ. ನೇಮಕಾತಿಯವರಿಗೆ ಮಾತ್ರ ಕಾಣುವ ಹಾಗೆ ಇಡುವ ಆಯ್ಕೆ ಇದೆ, ಅದನ್ನೇ ಆರಿಸಿಕೊಳ್ಳಿ. ಮುಂಬೈಯ ರಾಜ್ಯ ಬೋರ್ಡ್ ಶಾಲೆಗಳು ಜೂನ್‌ನಲ್ಲಿ ಶುರುವಾಗುತ್ತವೆ. ಹಾಗಾಗಿ ಬೇಸಿಗೆ ರಜೆಯಲ್ಲಿ ಪ್ರೊಫೈಲ್ ಸರಿ ಮಾಡೋಣ ಅಂದರೆ ತಡವಾಗುತ್ತದೆ. ದೀಪಾವಳಿ ರಜೆಯಲ್ಲೇ ಮುಗಿಸಿ.

ದುಡ್ಡು ಕೊಟ್ಟು ಪ್ರೀಮಿಯಂ ತೆಗೆದುಕೊಳ್ಳುವ ಅಗತ್ಯವಿಲ್ಲ. 2023ರಲ್ಲಿ ಏರಿಸಿದ ಮೇಲೂ ಶಿಕ್ಷಣ ಸೇವಕರ, ಅಂದರೆ ಮೊದಲ ಮೂರು ವರ್ಷದ ಹೊಸ ಶಿಕ್ಷಕರ ಮಾನಧನ ತಿಂಗಳಿಗೆ ಪ್ರಾಥಮಿಕಕ್ಕೆ 16,000, ಮಾಧ್ಯಮಿಕಕ್ಕೆ 18,000, ಜೂನಿಯರ್ ಕಾಲೇಜಿಗೆ 20,000 ರೂಪಾಯಿ. ಮೂರು ವರ್ಷ ಅದರಲ್ಲೇ ಮುಂಬೈ ಬಾಡಿಗೆ, ಪಾಸು ಎಲ್ಲ ಆಗಬೇಕು. ಉಚಿತ ಖಾತೆ ಧಾರಾಳವಾಗಿ ಸಾಕು.

ಯೂಟ್ಯೂಬ್, ಇನ್‌ಸ್ಟಾಗ್ರಾಂ, ಎಕ್ಸ್

ಯೂಟ್ಯೂಬ್ ಅಂದರೆ ಚಾನೆಲ್ ಮಾಡಿ ಸಬ್‌ಸ್ಕ್ರೈಬರ್ ಸೇರಿಸಬೇಕು ಅಂತೇನಿಲ್ಲ. ಎಂಟು ಹತ್ತು ನಿಮಿಷದ ಒಂದು ಪಾಠ ರೆಕಾರ್ಡ್ ಮಾಡಿ. ಬರೀ ನೀವು ಮತ್ತು ಬೋರ್ಡ್ ಇರಲಿ, ಮಕ್ಕಳು ಬೇಡ. ಅದನ್ನು "ಅನ್‌ಲಿಸ್ಟೆಡ್" ಅಂತ ಹಾಕಿದರೆ ಹುಡುಕಾಟದಲ್ಲಿ ಯಾರಿಗೂ ಸಿಗುವುದಿಲ್ಲ, ಲಿಂಕ್ ಇದ್ದವರಿಗೆ ಮಾತ್ರ ಕಾಣುತ್ತದೆ. ಅರ್ಜಿಯ ಜೊತೆ ಆ ಲಿಂಕ್ ಕಳಿಸಿ. ಡೆಮೊ ಕ್ಲಾಸಿಗೆ ಕರೆಯುವ ಮುಂಚೆಯೇ ನಿಮ್ಮ ದನಿ, ಬೋರ್ಡಿನ ಅಕ್ಷರ, ಪ್ರಶ್ನೆ ಕೇಳುವ ರೀತಿ ಅವರಿಗೆ ಗೊತ್ತಾಗಿರುತ್ತದೆ. ಕ್ಯಾಮೆರಾ ಮುಂದೆ ಹೋಗಲು ನಾಚಿಕೆ ಇರುವವರಿಗೆ ಇದು ಹೇಳಿ ಮಾಡಿಸಿದ ದಾರಿ.

ಇನ್‌ಸ್ಟಾಗ್ರಾಂ ಪ್ರಾಥಮಿಕ ಶಾಲೆಯವರಿಗೆ, ಚಿತ್ರಕಲೆ ಕಲಿಸುವವರಿಗೆ ಒಗ್ಗುತ್ತದೆ. ಚಾರ್ಟ್, ಮಿಂಚುಪಟ್ಟಿ, ಕೈಯಾರೆ ಮಾಡಿದ ಸಾಮಗ್ರಿ ಫೋಟೋದಲ್ಲಿ ಚೆನ್ನಾಗಿ ಕಾಣುತ್ತವೆ. ಆದರೆ ಹೈಸ್ಕೂಲ್ ಟೀಚರ್‌ಗೆ ನಾನು ಬೇಡ ಅನ್ನುತ್ತೇನೆ. ನಿಮ್ಮ ವಿದ್ಯಾರ್ಥಿಗಳು ಅಲ್ಲೇ ಇದ್ದಾರೆ, ಒಂದೇ ದಿನದಲ್ಲಿ ಹುಡುಕುತ್ತಾರೆ. ಮಾಡಲೇಬೇಕು ಅಂದರೆ ಮನೆಯದ್ದು ಬೇರೆ, ಕೆಲಸದ್ದು ಬೇರೆ ಖಾತೆ ಇರಲಿ. ವಿದ್ಯಾರ್ಥಿಗಳನ್ನು ಫಾಲೋ ಮಾಡಬೇಡಿ, ಅವರ ಮೆಸೇಜಿಗೆ ಅಲ್ಲಿ ಉತ್ತರ ಕೊಡಬೇಡಿ.

ಎಕ್ಸ್ ಓದೋಕೆ ಇರಲಿ. ಇಲಾಖೆಯ ಪ್ರಕಟಣೆ, ಮಳೆಗಾಲದಲ್ಲಿ ಪಾಲಿಕೆ ಕೊಡುವ ರಜೆಯ ಸುದ್ದಿ ಬೇಗ ಸಿಗುತ್ತದೆ. ಪರಿಚಯ ಬೆಳೆಸಲು ಅಲ್ಲಿ ಸುರಿಯುವ ಸಮಯಕ್ಕೆ ತಕ್ಕ ಫಲ ನಮ್ಮ ವೃತ್ತಿಯಲ್ಲಿ ಇಲ್ಲ.

ಯಾವುದೇ ಆರಿಸಿಕೊಂಡರೂ

ಮಕ್ಕಳ ಫೋಟೋ ಹಾಕಬೇಡಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣೆ ಕಾಯ್ದೆಯಲ್ಲಿ 18 ವರ್ಷದೊಳಗಿನವರೆಲ್ಲ ಮಕ್ಕಳೇ, ಅವರ ಮಾಹಿತಿ ಬಳಸಲು ತಂದೆತಾಯಿಯ ಒಪ್ಪಿಗೆ ಬೇಕು. ಕಾನೂನು ಒಂದು ಕಡೆ ಇರಲಿ. ತಪ್ಪು ಉತ್ತರ ಬರೆದ ಮಗುವಿನ ಪೇಪರ್ ಫೋಟೋ ಹಾಕಿ ನಗುವುದನ್ನು ನೋಡಿದರೆ ನನಗೆ ನಿಜಕ್ಕೂ ಬೇಸರವಾಗುತ್ತದೆ. ಆ ಅಕ್ಷರ ಯಾರದ್ದು ಅಂತ ಕ್ಲಾಸಿನ ಉಳಿದ ಮಕ್ಕಳಿಗೆ ಗೊತ್ತಾಗದೆ ಇರುತ್ತದಾ? ಕೇಳಲೇಬೇಕಾದ ತಪ್ಪಾಗಿದ್ದರೆ ಅದನ್ನು ನಿಮ್ಮ ಕೈಯಲ್ಲಿ ಬೇರೆ ಕಾಗದಕ್ಕೆ ಬರೆದು ಮುಚ್ಚಿದ ಗ್ರೂಪ್‌ನಲ್ಲಿ ಕೇಳಿ.

ಪಾಲಿಕೆ ಶಾಲೆಯವರು ಇನ್ನೊಂದು ತಿಳಿದಿರಬೇಕು. ಮಹಾರಾಷ್ಟ್ರ ಸರ್ಕಾರ 2025ರ ಜುಲೈನಲ್ಲಿ ತನ್ನ ನೌಕರರ ಸೋಶಿಯಲ್ ಮೀಡಿಯಾ ಬಳಕೆಗೆ ಜಿ.ಆರ್. ಹೊರಡಿಸಿದೆ, ಸ್ಥಳೀಯ ಸಂಸ್ಥೆಗಳ ನೌಕರರಿಗೂ ಅದು ಅನ್ವಯ. ಸ್ವಂತ ಖಾತೆ, ಕಚೇರಿಯ ಖಾತೆ ಬೇರೆಬೇರೆ ಇರಬೇಕು. ಸರ್ಕಾರದ ನೀತಿಯನ್ನು ಟೀಕಿಸುವ ಹಾಗಿಲ್ಲ, ಗೌಪ್ಯ ಕಾಗದ ಪತ್ರ ಹಂಚುವ ಹಾಗಿಲ್ಲ. ಖಾಸಗಿ ಶಾಲೆಯವರು ನೇಮಕಾತಿ ಪತ್ರವನ್ನು ಒಮ್ಮೆ ತೆಗೆದು ಓದಿ, ಎಷ್ಟೋ ಕಡೆ ಇಂಥ ಷರತ್ತು ಅದರಲ್ಲೇ ಇರುತ್ತದೆ.

ಹಾಗಾದರೆ ಯಾರಿಗೆ ಯಾವುದು?

ಕನ್ನಡ ಮಾಧ್ಯಮದವರು ಕೇಳೋಕೆ ವಾಟ್ಸಾಪ್ ಇಟ್ಟುಕೊಳ್ಳಿ, ತೋರಿಸೋಕೆ ಫೇಸ್‌ಬುಕ್. ನಿಮ್ಮ ಕೆಲಸ ನೋಡಬೇಕಾದ ಹಿರಿಯರು, ಸಂಘ ಸಂಸ್ಥೆಯವರು, ಜತ್ ಅಕ್ಕಲಕೋಟದ ಸಹೋದ್ಯೋಗಿಗಳು ಅಲ್ಲೇ ಇದ್ದಾರೆ. ಇಂಗ್ಲಿಷ್ ಮೀಡಿಯಂನವರು ಶಾಲೆಯ ಇಬ್ಬರು ಮೂವರು ಸಹೋದ್ಯೋಗಿಗಳ ಒಂದು ಸಣ್ಣ ವಾಟ್ಸಾಪ್ ಗ್ರೂಪ್ ಮಾಡಿ, ತೋರಿಸೋಕೆ ಲಿಂಕ್ಡ್‌ಇನ್ ಇಡಿ. ಪಾಠದ ವೀಡಿಯೋದ ಲಿಂಕ್ ಕೈಯಲ್ಲಿದ್ದರೆ ಇನ್ನೂ ಒಳ್ಳೆಯದು. ಸರ್ಕಾರಿ ಕೆಲಸಕ್ಕೆ ಓದುತ್ತಿರುವವರಿಗೆ ಟೆಲಿಗ್ರಾಂ ಸಾಕು, ಅದೂ ಪರೀಕ್ಷೆ ಮುಗಿಯುವವರೆಗೆ.

ಇನ್ನೂ ಬಿ.ಎಡ್. ಅಥವಾ ಡಿ.ಎಡ್. ಓದುತ್ತಿರುವವರಿಗೆ ಹೊಸದಾಗಿ ಏನೂ ತೆರೆಯಬೇಕಿಲ್ಲ. ನಿಮ್ಮ ಬ್ಯಾಚಿನ ಗ್ರೂಪ್ ಈಗಾಗಲೇ ಇದೆ. ಪರೀಕ್ಷೆ ಮುಗಿದ ಮೇಲೆ ಜನ ಒಬ್ಬೊಬ್ಬರಾಗಿ ಅದರಿಂದ ಹೊರಬೀಳುತ್ತಾರೆ, ನೀವು ಮಾತ್ರ ಬಿಡಬೇಡಿ. ನಾಲ್ಕೈದು ವರ್ಷದಲ್ಲಿ ಅದರಲ್ಲಿರುವವರು ಮುಂಬೈ, ಥಾಣೆ, ವಸಯಿ, ನವಿ ಮುಂಬೈಯ ಬೇರೆಬೇರೆ ಶಾಲೆಗಳಲ್ಲಿ ಇರುತ್ತಾರೆ. ಯಾವ ಶಾಲೆಯಲ್ಲಿ ಗಣಿತದ ಟೀಚರ್ ಹೆರಿಗೆ ರಜೆಗೆ ಹೋಗುತ್ತಿದ್ದಾರೆ, ಯಾರು ನಿವೃತ್ತರಾಗುತ್ತಿದ್ದಾರೆ ಅನ್ನೋದು ಅವರಿಗೆ ಮೊದಲು ಗೊತ್ತಾಗುತ್ತದೆ. ಪ್ರಾಕ್ಟೀಸ್ ಟೀಚಿಂಗಿಗೆ ಹೋದ ಶಾಲೆಯಲ್ಲಿ ನಿಮ್ಮ ಪಾಠ ಕೂತು ನೋಡಿದ ಟೀಚರ್ ನಂಬರನ್ನೂ ಕೇಳಿ ಇಟ್ಟುಕೊಳ್ಳಿ. ನಿಮ್ಮ ಕ್ಲಾಸ್ ಕಣ್ಣಾರೆ ಕಂಡವರು ಸದ್ಯಕ್ಕೆ ಅವರೊಬ್ಬರೇ.